ಭೂಮಿಯ ಪಾಲಿನ ಸೆಕೆಂಡು

2017ರ ಮೇ 11, ಗುರುವಾರ, ಬೆಳಗ್ಗೆ 10 ಗಂಟೆ 14 ನಿಮಿಷ 33 ಸೆಕೆಂಡಿಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ, ಅಝೋರ್ಸ್ ದ್ವೀಪಗಳಿಗೆ ಸ್ವಲ್ಪ ನೈಋತ್ಯಕ್ಕೆ, ಬಂಡೆಯೊಂದು ಸೀಳಿತು. ಹೊತ್ತು ನಮ್ಮದು, ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ್ದು. ಅದನ್ನು ಗಮನಿಸಿದವರು ಅಲ್ಲಿ ಯಾರೂ ಇರಲಿಲ್ಲ. ನಡುಗಡಲಿನಲ್ಲಿ ಐದು ಚಿಲ್ಲರೆ ತೀವ್ರತೆಯ ಕಂಪನವೆಂದರೆ ಪತ್ರಿಕೆಗೂ ಬೇಡವಾದ ಸುದ್ದಿ. ಆ ಸೀಳಿನಿಂದ ಹೊರಟ ಒಂದು ಅಲೆ ನೇರ ಕೆಳಕ್ಕಿಳಿದು, ಕರಗಿದ ಕಬ್ಬಿಣದ ಪದರವನ್ನು ದಾಟಿ, ಅದರ ನಡುವೆ ಇರುವ ಗಟ್ಟಿ ಉಂಡೆಯನ್ನು ಹಾಯ್ದು, ಮತ್ತೆ ಕರಗಿದ್ದನ್ನು ದಾಟಿ, ಇಪ್ಪತ್ತು ನಿಮಿಷದ ಮೇಲೆ ಒಮಿಯೊ ಊರಿನಾಚೆ ಮರ್ಲ್ ಟ್ರೆಸಿಡರ್‌ಳ ಹುಲ್ಲುಗಾವಲಿನಲ್ಲಿ ಮೇಲೆದ್ದಿತು. ಆಗ ಮರ್ಲ್ ತಾಯಿಯಿಲ್ಲದ ಎರಡು ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳಂತೆ. ಅವಳಿಗೂ ಏನೂ ತಿಳಿಯಲಿಲ್ಲ, ಕರುಗಳಿಗೂ ತಿಳಿಯಲಿಲ್ಲ. ಮೊಣಕಾಲಾಳದ ಗುಂಡಿಯಲ್ಲಿ ಹೂತಿದ್ದ ನಮ್ಮ ಕಂಪನಮಾಪಕಕ್ಕೆ ಮಾತ್ರ ತಿಳಿಯಿತು.

ಅಲೆ ಬಂತೆಂದು ಅದು ಬರೆದುಕೊಂಡ ಹೊತ್ತು, ಬರಬೇಕಾಗಿದ್ದ ಹೊತ್ತಿಗಿಂತ 1.62 ಸೆಕೆಂಡು ಮುಂಚಿನದು.

ನಾನು ಕ್ಯಾನ್‌ಬೆರಾದ ವಿಶ್ವವಿದ್ಯಾಲಯವೊಂದರಲ್ಲಿ ಇಂಥ ಯಂತ್ರಗಳನ್ನು ಹೂಳುವ, ಕೀಳುವ, ರಿಪೇರಿ ಮಾಡುವ ಕೆಲಸದವನು. ಭೌತಶಾಸ್ತ್ರದಲ್ಲಿ ಪದವಿ ಮಾಡಿ, ಪುಸ್ತಕಕ್ಕಿಂತ ಗುದ್ದಲಿಯೇ ನನಗೆ ಒಗ್ಗುತ್ತದೆ ಎಂದು ಇಪ್ಪತ್ತೇಳು ವರ್ಷದ ಹಿಂದೆ ಈ ಕಡೆ ಬಂದೆ. ಹೆಸರು ಡೆಸ್ಮಂಡ್; ಎಲ್ಲರಿಗೂ ಡೆಸ್. ಆ 1.62 ಸೆಕೆಂಡು ನನ್ನದಲ್ಲ, ಲಿಯೆನ್‌ಳದು. ಲಿಯೆನ್ ನಮ್ಮಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅವಳಪ್ಪ ಸೈಗಾನ್‌ನಿಂದ ಬಂದು ಕ್ಯಾನ್‌ಬೆರಾದಲ್ಲಿ ಬೇಕರಿ ಇಟ್ಟವರು.

ಮರ್ಲ್‌ಳ ಹುಲ್ಲುಗಾವಲನ್ನು ಆರಿಸಿದ್ದು ಲಿಯೆನ್ನೇ. ಗ್ಲೋಬಿಗೆ ಅಲ್ಲಿ ಹೆಣಿಗೆಯ ಕಡ್ಡಿ ಚುಚ್ಚಿ, ನಡುವಿನ ಮೂಲಕ ತೂರಿಸಿ ಆಚೆ ತೆಗೆದರೆ, ಅದು ಅಟ್ಲಾಂಟಿಕ್‌ನ ನಡುವೆ ನೆಲ ಸದಾ ಬಿರಿಯುವ ಜಾಗದಲ್ಲಿ ಹೊರಬರುತ್ತದೆ. ಅಂದರೆ ಅಲ್ಲಿ ಎದ್ದ ಅಲೆ ಭೂಮಿಯ ನಟ್ಟನಡುವನ್ನು ಹಾಯ್ದೇ ಇಲ್ಲಿಗೆ ಬರಬೇಕು. ಮೇಲಿನ ಪದರಗಳ ಲೆಕ್ಕವನ್ನೆಲ್ಲ ಕಳೆದು, ಅಲೆ ಬೇಗ ಬಂತೋ ತಡವಾಗಿ ಬಂತೋ ನೋಡಿದರೆ, ಯಾರೂ ಹೋಗಲಾಗದ ಆ ನಡುವಿನ ಕಬ್ಬಿಣ ಹೇಗಿದೆ ಎಂಬುದರ ಸುಳಿವು ಸಿಗುತ್ತದೆ. ಎರಡು ವರ್ಷ ಕಾದ ಮೇಲೆ ಸಿಕ್ಕಿದ್ದು ಆ ಒಂದೇ ಒಳ್ಳೆಯ ಕಂಪನ. ನಲವತ್ತಮೂರು ಕಿಲೋಮೀಟರ್ ಆಚೆ ಗುಡ್ಡದ ಮೇಲೆ ನಾವು ಹೂತಿದ್ದ ಇನ್ನೊಂದು ಯಂತ್ರದಲ್ಲಿ ಆ ಬೆಳಗಿನ ಗಾಳಿಯ ಗದ್ದಲಕ್ಕೆ ಅಲೆ ಮುಳುಗಿಹೋಗಿತ್ತು. ಮೂರನೆಯದನ್ನು ವೊಂಬ್ಯಾಟ್ ಎಂಬ ಬಿಲವಾಸಿ ಪ್ರಾಣಿ ತೋಡಿ ಹೊರಗೆಸೆದಿತ್ತು. ಉಳಿದದ್ದು ಮರ್ಲ್‌ಳದು ಒಂದೇ.

ಲಿಯೆನ್‌ಳ ಪ್ರಬಂಧದ ನಾಲ್ಕನೇ ಅಧ್ಯಾಯ ನಿಂತಿದ್ದು ಅದರ ಮೇಲೆ. ಆಗಸ್ಟ್ 25ಕ್ಕೆ ಅವಳು ಪರೀಕ್ಷಕರ ಮುಂದೆ ನಿಂತು ಅದನ್ನು ಹೇಳಬೇಕಿತ್ತು. 1.62 ಎಂದರೆ ಸಣ್ಣ ಸಂಗತಿಯಲ್ಲ. ಭೂಮಿಯ ನಡುವೆ ನಾವೆಲ್ಲ ಅಂದುಕೊಂಡದ್ದಕ್ಕಿಂತ ಬೇರೆಯದೇ ಏನೋ ಇದೆ ಎಂದಂತೆ.

ಆಗಸ್ಟ್ 14ರ ಸೋಮವಾರ ಅವಳು ನನ್ನ ವರ್ಕ್‌ಶಾಪಿಗೆ ಬಂದಳು. ಕೈಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು.

"ಡೆಸ್, ಜುಲೈನಲ್ಲಿ ಮೆಮೊರಿ ಕಾರ್ಡ್ ತರೋಕೆ ಹೋದಾಗ ಗಡಿಯಾರ ನೋಡಿದ್ರಾ?"

"ನೋಡ್ದೆ ಕಣಮ್ಮ. ಹಸಿರು ದೀಪ. ಒಂಬತ್ತು ಉಪಗ್ರಹ ಸಿಕ್ತಿತ್ತು."

"ಅವತ್ತಿನದಲ್ಲ. ಹಿಂದಿನ ತಿಂಗಳುಗಳದ್ದು?"

ಪ್ರತಿ ಭೇಟಿಗೂ ನಾವು ತುಂಬುವ ಹಾಳೆಯಲ್ಲಿ 'ಯಂತ್ರದ ಹಿಂದಿನ ದಿನಚರಿ ನೋಡಿದೆ' ಎಂಬ ಸಾಲಿದೆ. ಅದರ ಮುಂದೆ ನನ್ನ ಟಿಕ್ಕೂ ಇತ್ತು. ಹಸಿರು ದೀಪ ನೋಡಿ ಟಿಕ್ ಹಾಕಿದ್ದೆ.

ಹೂತ ಮಾಪಕದ ಬರಹವನ್ನು ಹಿಡಿದಿಡುವ ಪೆಟ್ಟಿಗೆ ಪಕ್ಕದಲ್ಲೇ ನೆಲದ ಮೇಲಿರುತ್ತದೆ; ಅದರೊಳಗಿನ ಗಡಿಯಾರ ಕೈಗಡಿಯಾರದ ಜಾತಿಯದೇ, ಕೊಂಚ ಉತ್ತಮ ಅಷ್ಟೇ. ಆಂಟೆನಾ ಆಕಾಶ ನೋಡುತ್ತಿರುವಷ್ಟು ಕಾಲ ಉಪಗ್ರಹಗಳು ಅದನ್ನು ಗಂಟೆ ಗಂಟೆಗೂ ತಿದ್ದುತ್ತವೆ. ಆಕಾಶ ತಪ್ಪಿತೋ, ಅದು ತನ್ನ ಪಾಡಿಗೆ ತಾನು ಹೋಗುತ್ತದೆ. ಲಿಯೆನ್ ತೋರಿಸಿದ ದಿನಚರಿಯಲ್ಲಿ ಮಾರ್ಚ್ 3ರಿಂದ ಜೂನ್ 19ರವರೆಗೆ, ನೂರೆಂಟು ದಿನ, ಒಂದು ಉಪಗ್ರಹವೂ ಇರಲಿಲ್ಲ. ಜೂನ್ 19ರ ಮಧ್ಯಾಹ್ನ ಇದ್ದಕ್ಕಿದ್ದಂತೆ ಎಂಟು ಸಿಕ್ಕಿದ್ದವು. ಆ ಕ್ಷಣ ಗಡಿಯಾರ 1.91 ಸೆಕೆಂಡು ಮುಂದಕ್ಕೆ ಜಿಗಿದಿತ್ತು. ಅಂದರೆ ಅಷ್ಟು ಹೊತ್ತು ಅದು ಹಿಂದೆ ಬಿದ್ದಿತ್ತು. ಗಡಿಯಾರ ಹಿಂದೆ ಬಿದ್ದರೆ ಬರುವ ಅಲೆಗಳೆಲ್ಲ ಬೇಗ ಬಂದಂತೆ ಕಾಣುತ್ತವೆ.

"ಹಾಗಾದ್ರೆ ಎಲ್ಲ ಪೆಟ್ಟಿಗೇದೇ," ಅಂದೆ.

"ಎಲ್ಲ ಅಲ್ಲ." ಅವಳು ಲೆಕ್ಕ ಮಾಡಿಕೊಂಡೇ ಬಂದಿದ್ದಳು. "ನೂರೆಂಟು ದಿನಕ್ಕೆ 1.91. ಮೇ 11 ಅರವತ್ತೊಂಬತ್ತನೇ ದಿನ. ಸಮಪಾಲು ಮಾಡಿದ್ರೆ 1.22. 1.62ರಲ್ಲಿ ಅದನ್ನ ಕಳೀರಿ. ಇನ್ನೂ 0.40 ಉಳಿಯುತ್ತೆ. ಅಷ್ಟು ಸಾಕು ನಂಗೆ. ಅದು ಭೂಮೀದು."

"ಗಡಿಯಾರ ದಿನಾ ಒಂದೇ ಸಮ ಹಿಂದೆ ಬಿದ್ದಿದ್ರೆ."

"ಬೀಳ್ದೆ ಏನು?"

"ಅದಕ್ಕೆ ಚಳಿ ಬೇರೆ, ಸೆಖೆ ಬೇರೆ. ಮಾರ್ಚ್‌ನಲ್ಲಿ ಒಂದು ಥರ ನಡೆದು ಮೇನಲ್ಲಿ ಇನ್ನೊಂದು ಥರ ನಡೆದಿದ್ರೆ ನಿನ್ನ 0.40 ಪೂರಾ ಮಂಗಮಾಯ."

ಅವಳು ಮುಖ ಗಂಟಿಕ್ಕಿದಳು. ಕೋಪಕ್ಕಲ್ಲ, ಏನನ್ನೋ ಕೂಡಿಸುವಾಗ ಅವಳು ಹಾಗೆಯೇ ಮಾಡುತ್ತಾಳೆ. "ಆಕಾಶ ಯಾಕೆ ತಪ್ತು? ಮತ್ತೆ ಯಾಕೆ ಸಿಕ್ತು? ಅದು ಗೊತ್ತಾದ್ರೆ ಅರ್ಧ ಗೊತ್ತಾದ ಹಾಗೆ."

ನನಗೆ ನೆನಪಿದ್ದು ಇಷ್ಟೇ: ಜುಲೈನಲ್ಲಿ ನಾನು ಹೋದ ದಿನ ಮರ್ಲ್ ಹಲ್ಲು ತೋರಿಸಲು ಪೇಟೆಗೆ ಹೋಗಿದ್ದಳು. ಕಂಬದ ಮೇಲೆ ನಾನು ಕಟ್ಟಿದ್ದ ಆಂಟೆನಾ ಪಕ್ಕದ ಟ್ರ್ಯಾಕ್ಟರ್ ಶೆಡ್ಡಿನ ತೊಲೆಗೆ ಹೋಗಿತ್ತು. ತಂತಿ ಕಪ್ಪು ನೀರಿನ ಪೈಪಿನೊಳಗೆ ಅಚ್ಚುಕಟ್ಟಾಗಿ ತೂರಿತ್ತು. ತಲೆಯೆತ್ತಿದರೆ ಆಕಾಶ ಚೆನ್ನಾಗಿಯೇ ಕಾಣುತ್ತಿತ್ತು. ಮರ್ಲ್‌ಳ ಕೈಕೆಲಸ, ಚೆನ್ನಾಗಿದೆ ಎಂದುಕೊಂಡು ಬಂದುಬಿಟ್ಟಿದ್ದೆ.

"ಫೋನ್ ಮಾಡಿ ಕೇಳೋಣ್ವಾ?" ಎಂದಳು ಲಿಯೆನ್.

"ಫೋನಲ್ಲಿ ಮರ್ಲ್ 'ಎಲ್ಲಾ ಚೆನ್ನಾಗಿದೆ' ಅಂತಾಳೆ. ಶೆಡ್ಡಿಗೆ ಬೆಂಕಿ ಬಿದ್ದಿದ್ರೂ ಹಾಗೇ ಅಂತಾಳೆ. ಹೋಗ್ಲೇಬೇಕು."

ಮಂಗಳವಾರ ಹೊರಟು ಒಮಿಯೊದ ಹೋಟೆಲಿನಲ್ಲಿ ಉಳಿದು, ಬುಧವಾರ ಬೆಳಗ್ಗೆ ಎಂಟೂವರೆಗೆ ಮರ್ಲ್‌ಳ ಗೇಟು ತೆಗೆದೆವು. ನಮ್ಮಲ್ಲಿ ಆಗಸ್ಟ್ ಎಂದರೆ ಚಳಿಗಾಲ; ಹುಲ್ಲಿನ ಮೇಲೆ ಮಂಜು ಬಿಳಿಯಾಗಿತ್ತು. ಕೆಂಪು ಹಸುಗಳು ಬಾಯಿಂದ ಆವಿ ಬಿಡುತ್ತಾ ನಮ್ಮ ಗಾಡಿಯನ್ನು ನೋಡಿದವು.

ಜಮೀನಿನವರ ಮನೆಗೆ ಹೋದರೆ ಯಂತ್ರದ ಮಾತು ಮೊದಲು ತೆಗೆಯುವಂತಿಲ್ಲ. ಮೊದಲು ಚಹಾ, ಮಳೆ, ದನ. ಕೈಯಲ್ಲಿ ಏನಾದರೂ ಇರಬೇಕು; ಸಾಮಾನ್ಯವಾಗಿ ಬಿಯರ್ ಪೆಟ್ಟಿಗೆ. ಮರ್ಲ್ ಕುಡಿಯುವುದಿಲ್ಲವಾದ್ದರಿಂದ ಲಿಯೆನ್ ಅವಳಪ್ಪನ ಬೇಕರಿಯ ಉದ್ದನೆಯ ಬ್ರೆಡ್ಡು ತಂದಿದ್ದಳು, ಪ್ರತ್ಯೇಕ ಡಬ್ಬಿಯಲ್ಲಿ ಹಂದಿಮಾಂಸ, ಹುಳಿ ಹಿಡಿಸಿದ ಮೂಲಂಗಿ, ಹಸಿಮೆಣಸು.

ಮರ್ಲ್‌ಗೆ ಅರವತ್ತಾರು. ಗಿಡ್ಡ ದೇಹ, ಗಂಡನ ಹಳೆಯ ಸ್ವೆಟರು, ಅಡುಗೆಮನೆಯಲ್ಲೂ ತಲೆಯ ಮೇಲೆ ಉಣ್ಣೆ ಟೋಪಿ. ಗಂಡ ಕ್ಲೆಮ್ ದನ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ.

"ಬಾರಯ್ಯ ಡೆಸ್. ಇನ್ನೂ ಸತ್ತಿಲ್ವಾ ನೀನು? ಇದ್ಯಾರು, ಆ ಹುಡುಗೀನಾ? ಏನೇ ಮಗಳೇ, ಇಷ್ಟು ಸಣ್ಣಗಾಗಿದ್ದೀಯಾ! ಅಲ್ಲಿ ಊಟ ಹಾಕಲ್ವಾ ನಿಂಗೆ ಇವ್ರು?"

"ಹಾಕ್ತಾರೆ, ಪುಸ್ತಕ ತಿನ್ನಿ ಅಂತಾರೆ," ಎಂದಳು ಲಿಯೆನ್.

ಮರ್ಲ್ ಬ್ರೆಡ್ಡು ಮುರಿದು, ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು "ಚೆನ್ನಾಗಿದೆ" ಎಂದಳು. ಎರಡನೇ ಲೋಟ ಚಹಾ ಬಗ್ಗಿಸುವಾಗ ಅವಳೇ ಕೇಳಿದಳು: "ಹೂಂ, ಹೇಳಿ. ಆ ನನ್ನ ಹುಲ್ಲುಗಾವಲಿನ ಹೊಟ್ಟೇಲಿ ಏನಾದ್ರೂ ಕಂಡ್ತಾ?"

ಲಿಯೆನ್ ಹೇಳಿದಳು. ಅಲೆ, ಭೂಮಿಯ ನಡು, ಇಪ್ಪತ್ತು ನಿಮಿಷ ಹತ್ತು ಸೆಕೆಂಡು. ಮರ್ಲ್ ಮಧ್ಯದಲ್ಲೇ ಎದ್ದು "ಬಾ ಇಲ್ಲಿ" ಎಂದು ಅವಳನ್ನು ಹಿತ್ತಲಿನ ತಗಡಿನ ಮಳೆನೀರಿನ ಟ್ಯಾಂಕಿನ ಹತ್ತಿರ ಕರೆದೊಯ್ದಳು. ಬೆರಳಿನ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ಕುಟ್ಟುತ್ತಾ ಬಂದಳು. ಟಣ್, ಟಣ್, ಟಣ್. ಸೊಂಟದ ಹತ್ತಿರ ಸದ್ದು ಸತ್ತಿತು.

"ಇಲ್ಲೀವರೆಗೆ ನೀರು. ಮುಚ್ಚಳ ತೆಗೀದೇನೇ ಗೊತ್ತು. ನೀವೂ ಇದನ್ನೇ ತಾನೇ ಮಾಡೋದು?"

"ಇದನ್ನೇ. ನಮ್ಮ ಟ್ಯಾಂಕಿಗೆ ಕುಟ್ಟೋಕೆ ನಮ್ಮ ಕೈ ಸಾಲಲ್ಲ. ಯಾರಾದ್ರೂ ಆಚೆ ಬದಿ ಕುಟ್ಟೋವರೆಗೆ ಕಾಯ್ಬೇಕು."

"ಕುಟ್ಟಿದ್ದು ಮೇ ತಿಂಗಳಲ್ಲಿ ಅಂದ್ಯಲ್ಲ. ಈಗ ಏನು ತೊಂದ್ರೆ?"

ಲಿಯೆನ್ ನನ್ನ ಕಡೆ ನೋಡಿದಳು. ನಾನೇ ಕೇಳಿದೆ. "ಮರ್ಲ್, ಆಂಟೆನಾ ಯಾವಾಗ ಶೆಡ್ಡಿಗೆ ಹೋಯ್ತು?"

ಅವಳ ಮುಖ ಕೊಂಚ ಬಿಗಿಯಾಯಿತು. "ಆ ಹಾಳು ಕಾಕಟೂಗಳು, ಡೆಸ್. ಮಾರ್ಚ್‌ನಲ್ಲಿ. ಬಿಳೀ ಗಿಳಿಗಳ ಹಿಂಡು ಬಂದು ಕಂಬದ ಮೇಲೆ ಕೂತು ತಂತೀನ ಸೆಲರಿ ದಂಟಿನ ಥರ ಕಡಿದು ಹಾಕಿದ್ವು. ನಾನೇ ಬೆಸುಗೆ ಹಾಕಿ ಜೋಡಿಸ್ದೆ. ಪೈಪೊಳಗೆ ತೂರಿಸಿ, ಹಕ್ಕಿ ಮುಟ್ಟದ ಹಾಗೆ ಒಳಗೆ ತೊಲೆಗೆ ಕಟ್ದೆ. ಗಟ್ಟಿಯಾಗಿದೆ ತಾನೇ?"

"ಗಟ್ಟಿಯಾಗಿದೆ. ಪೆಟ್ಟಿಗೆ ಮುಚ್ಚಳದ ಮೇಲೆ ನನ್ನ ನಂಬರ್ ಇತ್ತಲ್ಲ ಮಾರಾಯ್ತಿ."

"ಒಂದು ತಂತಿಗೆ ನೀನು ಆರು ತಾಸು ಗಾಡಿ ಓಡಿಸ್ಕೊಂಡು ಬರ್ಬೇಕಾ? ಕೈ ಇಲ್ವಾ ನಂಗೆ?"

ಇದು ಈ ಕಡೆಯವರೆಲ್ಲರ ಪರಿ. ಬೇಲಿ, ಪಂಪು, ಹಸುವಿನ ಕಾಲು, ಏನು ಮುರಿದರೂ ತಾವೇ ಕಟ್ಟುತ್ತಾರೆ, ಕಟ್ಟಿದ್ದನ್ನು ಹೇಳಿ ಯಾರಿಗೂ ತೊಂದರೆ ಕೊಡುವುದಿಲ್ಲ. ಅವಳ ಬೆಸುಗೆ ನನ್ನದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ನಾನು ಆಮೇಲೆ ನೋಡಿದೆ.

"ಆದ್ರೆ ಅಲ್ಲಿ ಆಕಾಶ ಕಾಣುತ್ತಲ್ಲ," ಎಂದಳು ಲಿಯೆನ್. "ಡೆಸ್ ಜುಲೈನಲ್ಲಿ ನೋಡಿದ್ದಾರೆ."

"ಈಗ ಕಾಣುತ್ತೆ ಕಣೇ. ಜೂನ್‌ನಲ್ಲಿ ಆ ಗಾಳಿ ಬಂತಲ್ಲ, ಎರಡು ತಗಡು ಕಿತ್ಕೊಂಡು ಹೋಗಿ ಹೊಳೇಲಿ ಬಿತ್ತು. ಅದಕ್ಕೆ ಮುಂಚೆ ಎಲ್ಲಿಯ ಆಕಾಶ? ತಗಡು ಹಾಕೋನು ನಾಳೆ ಬರ್ತೀನಿ, ನಾಳೆ ಬರ್ತೀನಿ ಅಂತ ಎರಡು ತಿಂಗಳಾಯ್ತು."

ಲಿಯೆನ್ ನಗಲಾರದೆ ನಕ್ಕಳು. ಆಂಟೆನಾ ತಗಡಿನ ಸೂರಿನಡಿ ನೂರೆಂಟು ದಿನ ಕುರುಡಾಗಿ ಕೂತಿತ್ತು; ಗಾಳಿ ಅದರ ಕಣ್ಣು ಬಿಡಿಸಿತ್ತು. ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತು. ಪೆಟ್ಟಿಗೆ ಮಾತ್ರ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಹಾಗಾದರೆ ಸಮಪಾಲಿನ ಲೆಕ್ಕ ಪೂರಾ ಸರಿಯಲ್ಲದಿದ್ದರೂ ತೀರ ತಪ್ಪಾಗಲಾರದು ಎಂದು ನಾನು ಹೇಳುವುದರಲ್ಲಿದ್ದೆ. ಲಿಯೆನ್ ಆಗಲೇ ನೋಟ್‌ಬುಕ್ ಮುಚ್ಚುತ್ತಿದ್ದಳು. ಏನೋ ಮರೆತಂತೆ ಮತ್ತೆ ತೆರೆದಳು.

"ಮರ್ಲ್, ಪೆಟ್ಟಿಗೆಗೆ ಇನ್ನೇನೂ ಮಾಡ್ಲಿಲ್ಲ ತಾನೇ?"

"ಏನೂ ಇಲ್ಲ." ಮರ್ಲ್ ಟ್ಯಾಂಕಿನ ಮೇಲಿದ್ದ ಎಲೆಯೊಂದನ್ನು ತೆಗೆದೆಸೆದಳು. "ರಗ್ಗು ಹೊದಿಸಿದ್ದೆ, ಅಷ್ಟೇ."

"ರಗ್ಗಾ?"

"ಕುದುರೆಗೆ ಹೊದಿಸೋದು. ಒಳಗೆ ಉಣ್ಣೆ ಇರುತ್ತಲ್ಲ, ಅದು. ಆನ್‌ಜಾಕ್ ದಿನ ಬೆಳಗಿನ ಜಾವ ಊರ ಸ್ಮಾರಕದ ಹತ್ರ ನಿಂತು, ಕಾಲೆಲ್ಲ ಮರಗಟ್ಟಿ ವಾಪಸ್ ಬಂದ್ರೆ, ಪೆಟ್ಟಿಗೆ ಮೇಲೆ ಮಂಜು ಹೆಪ್ಪುಗಟ್ಟಿತ್ತು. ವರ್ಷದ ಮೊದಲ್ನೇ ಮಂಜು. ಒಳಗೆ ನಾಜೂಕು ಸಾಮಾನು ಅಂತ ನೀನೇ ಹೇಳಿದ್ದೆ ಡೆಸ್. ಪಾಪ ಅನ್ನಿಸ್ತು. ಆಮೇಲೆ ತಗಡು ಹಾರಿದ ದಿನ ಶೆಡ್ಡಲ್ಲಿದ್ದ ಒಣಹುಲ್ಲು ನೆನೀತಿತ್ತು, ರಗ್ಗು ಎಳೆದು ಅದರ ಮೇಲೆ ಹಾಕ್ದೆ. ಯಾಕೆ? ಅದೂ ತಪ್ಪಾ?"

ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್‌ಜಾಕ್ ದಿನ ಬರುವುದು ಏಪ್ರಿಲ್ 25ಕ್ಕೆ. ರಗ್ಗು ಇದ್ದದ್ದು ಅಲ್ಲಿಂದ ಜೂನ್ 19ರವರೆಗೆ. ಕಂಪನ ಬಂದದ್ದು ಆ ಎರಡು ದಿನಗಳ ನಡುವೆ. ರಗ್ಗಿನ ಮುಂಚೆ ಗಡಿಯಾರ ಒಂದು ನಡಿಗೆ ನಡೆದಿರಬೇಕು, ರಗ್ಗಿನಡಿ ಬೆಚ್ಚಗೆ ಇನ್ನೊಂದು ನಡಿಗೆ. ಎಷ್ಟೆಷ್ಟು ಎಂದು ಹೇಳುವವರು ಯಾರು? ಒಟ್ಟು 1.91 ಎಂಬುದು ಗೊತ್ತು. ಅದರಲ್ಲಿ ಮೇ 11ರ ಹೊತ್ತಿಗೆ 1.0 ಕಳೆದಿರಬಹುದು, 1.6 ಕಳೆದಿರಬಹುದು. 1.6 ಆದರೆ ಭೂಮಿಯ ಪಾಲಿಗೆ ಉಳಿಯುವುದು ಸೊನ್ನೆ.

ಒಳಗೆ ಬಂದು ಕೂತೆವು. ಮರ್ಲ್ ಒಲೆಗೆ ಸೌದೆ ಹಾಕಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ತಲೆ ಪೂರ್ತಿ ಬೆಳ್ಳಗಾದದ್ದನ್ನು ನಾನು ಮೊದಲ ಸಲ ನೋಡಿದೆ.

"ನಿನ್ನ ಮೂರು ವರ್ಷ ನಾನು ಹಾಳು ಮಾಡಿದೆ ಅಲ್ವೇನೇ?"

"ಇನ್ನೂ ಗೊತ್ತಿಲ್ಲ," ಎಂದಳು ಲಿಯೆನ್. ಸಮಾಧಾನಕ್ಕೆ ಹೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು.

"ಹಾಳು ಮಾಡಿದ್ದು ನಾನು," ಅಂದೆ. "ಜುಲೈನಲ್ಲಿ ದಿನಚರಿ ನೋಡಿದ್ರೆ ಅವತ್ತೇ ನಿನ್ನ ಕೇಳಿರ್ತಿದ್ದೆ."

"ಕೇಳಿ ಏನು ಮಾಡ್ತಿದ್ದೆ? ಮೇ ತಿಂಗಳನ್ನ ವಾಪಸ್ ಕರೀತಿದ್ಯಾ?" ಮರ್ಲ್ ನನ್ನನ್ನು ಹೀಯಾಳಿಸುವಷ್ಟು ಚೇತರಿಸಿಕೊಂಡಳು. ಆಮೇಲೆ ಲಿಯೆನ್‌ಳ ಕಡೆ ತಿರುಗಿದಳು. "ಅಲ್ಲ ಕಣೇ, ಆ ಪೆಟ್ಟಿಗೇಲಿ ಆ ಒಂದು ಅಲೆ ಬಿಟ್ರೆ ಬೇರೇನೂ ಇಲ್ವಾ? ಐದಾರು ತಿಂಗಳು ಏನು ಬರ್ಕೊಳ್ತಿತ್ತು ಅದು?"

"ಎಲ್ಲಾ ಬರ್ಕೊಳುತ್ತೆ. ನಿಮ್ಮ ಹಸು ನಡೆದದ್ದು, ಕ್ಲೆಮ್ ಅವರ ಟ್ರ್ಯಾಕ್ಟರ್, ಗಾಳಿ, ಸಮುದ್ರ..."

"ಸಮುದ್ರಾನಾ? ಇಲ್ಲಿಂದ ನೂರು ಕಿಲೋಮೀಟರ್ ಇದೆ!"

"ಅಲೆ ದಡಕ್ಕೆ ಬಡಿಯೋದು ನೆಲದಲ್ಲಿ ಗುಂಯ್ ಅಂತಾ ಇರುತ್ತೆ. ಹಗಲೂ ರಾತ್ರಿ. ನಿಲ್ಲೋದೇ ಇಲ್ಲ. ಅದನ್ನೆಲ್ಲ ಸೋಸಿ ಎಸೆದೇ ನಾವು..."

ಲಿಯೆನ್ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು.

"ಡೆಸ್. ಗುಡ್ಡದ ಮೇಲಿನ ಯಂತ್ರದ ಗಡಿಯಾರ ಸರಿಯಾಗಿತ್ತು ಅಲ್ವಾ? ಪೂರ್ತಿ?"

"ಒಂದು ಗಂಟೇನೂ ತಪ್ಪಿಲ್ಲ. ಅದರ ದಿನಚರಿ ನಿನ್ನೆ ನೋಡ್ದೆ. ಈ ಸಲ ನಿಜವಾಗ್ಲೂ ನೋಡ್ದೆ."

"ಸಮುದ್ರದ ಸದ್ದು ಮೊದ್ಲು ಇಲ್ಲಿಗೆ ಬರುತ್ತೆ, ಆಮೇಲೆ ಗುಡ್ಡಕ್ಕೆ ಹೋಗುತ್ತೆ. ನಡುವಿನ ಬಂಡೆ ಬದಲಾಗಲ್ಲ. ಹೋಗೋಕೆ ಹದಿನಾಲ್ಕು ಸೆಕೆಂಡು ಬೇಕು ಅಂದ್ರೆ ದಿನಾ ಹದಿನಾಲ್ಕೇ ಬೇಕು. ಒಂದು ದಿನ ಹದಿನಾಲ್ಕೂವರೆ ಅಂತ ಕಂಡ್ರೆ..."

"ಬಂಡೆ ತಪ್ಪಿಲ್ಲ, ಇಲ್ಲಿಯ ಗಡಿಯಾರ ಅರ್ಧ ಸೆಕೆಂಡು ತಪ್ಪಿದೆ," ಎಂದೆ.

"ಸಮುದ್ರಾನೇ ಗಡಿಯಾರ," ಎಂದಳು ಅವಳು. ತಲೆ ಚಚ್ಚಿಕೊಂಡಳು. "ಥೂ! ಬೇರೆಯವರು ಇದನ್ನ ಮಾಡಿರೋದು ಓದಿದ್ದೀನಿ. ಮೂರು ವರ್ಷದಿಂದ ಕಸ ಅಂತ ಗುಡಿಸಿ ಹಾಕ್ತಿದ್ನಲ್ಲ, ನಂಗೆ ಹೊಳೀಲೇ ಇಲ್ಲ!"

"ಕಸ ಗುಡಿಸೋಳಿಗೆ ಅದರಲ್ಲಿ ಉಂಗುರ ಕಾಣಲ್ಲ ಬಿಡು," ಎಂದು ಮರ್ಲ್ ಅವಳ ತಟ್ಟೆಗೆ ಇನ್ನೊಂದು ಸ್ಕೋನ್ ಬನ್ನು ಹಾಕಿದಳು.

ಎರಡೂ ಯಂತ್ರಗಳ ಬರಹ ಲಿಯೆನ್ ತಂದಿದ್ದ ಡಿಸ್ಕಿನಲ್ಲೇ ಇತ್ತು. ಒಂದೊಂದು ದಿನದ ಸದ್ದನ್ನೂ ತುಂಡು ತುಂಡು ಮಾಡಿ, ಇಲ್ಲಿಯದನ್ನು ಗುಡ್ಡದ್ದರ ಮೇಲಿಟ್ಟು ಸರಿಸಿ ಸರಿಸಿ ಹೊಂದಿಸಬೇಕು. ಲ್ಯಾಪ್‌ಟಾಪಿಗೆ ಅದು ಐದು ತಾಸಿನ ಕೆಲಸ. ಒಲೆಯ ಪಕ್ಕ ಇಟ್ಟರೆ ಅದಕ್ಕೂ ಸೆಖೆಯಾಗುತ್ತದೆ ಎಂದು ಮರ್ಲ್ ಅದನ್ನು ಕಿಟಕಿಯ ಹತ್ತಿರ ಸರಿಸಿದಳು. "ಇದಕ್ಕೆ ರಗ್ಗು ಹೊದಿಸಲ್ಲಪ್ಪ," ಎಂದಳು. ಮೂವರೂ ನಕ್ಕೆವು. ಲಿಯೆನ್ ನಕ್ಕದ್ದು ಸ್ವಲ್ಪ ಕಡಿಮೆ.

ಕಾಯುವ ಹೊತ್ತಿಗೆ ಕೆಲಸವಿತ್ತು. ಹೊಳೆಯಿಂದ ಎತ್ತಿ ತಂದಿದ್ದ ತಗಡುಗಳನ್ನು ನಾನೂ ಮರ್ಲ್‌ಳೂ ಶೆಡ್ಡಿನ ಮೇಲೇರಿಸಿದೆವು. ಅದಕ್ಕೆ ಮುಂಚೆ ಆಂಟೆನಾವನ್ನು ತೊಲೆಯಿಂದ ಬಿಚ್ಚಿ, ಕಬ್ಬಿಣದ ಪೈಪಿಗೆ ಕಟ್ಟಿ, ಸೂರಿನ ಮೇಲೆ ಆಕಾಶಕ್ಕೆ ನಿಲ್ಲಿಸಿದೆ. ತಂತಿಯನ್ನು ಪೈಪಿನೊಳಗೇ ಇಳಿಸಿದೆ. ಲಿಯೆನ್ ಕೆಳಗಿನಿಂದ ಮೊಳೆ ಕೊಡುತ್ತಿದ್ದಳು, ನಾಲ್ಕು ಮೊಳೆಗೊಮ್ಮೆ ಅಡುಗೆಮನೆಯ ಕಿಟಕಿಯ ಕಡೆ ನೋಡುತ್ತಿದ್ದಳು.

"ಸೊನ್ನೆ ಬಂದ್ರೆ ಏನು ಮಾಡ್ತೀಯೇ?" ಮರ್ಲ್ ಸೂರಿನ ಮೇಲಿಂದಲೇ ಕೇಳಿದಳು. ಅವಳ ಬಾಯಲ್ಲಿ ಮೊಳೆಗಳಿದ್ದವು.

"ಸೊನ್ನೆ ಅಂತ ಬರೀತೀನಿ."

"ಅಷ್ಟೇನಾ?"

"ಅಷ್ಟೇ. ಅಲೆ ನಡುವಿನ ಮೂಲಕ ಬಂತು, ನಾವು ಅಂದ್ಕೊಂಡ ಹೊತ್ತಿಗೇ ಬಂತು ಅಂತ. ಅದೂ ಒಂದು ಸುದ್ದೀನೇ. ಅಧ್ಯಾಯ ಮಾತ್ರ ಮೂರು ಪುಟಕ್ಕೆ ಇಳಿಯುತ್ತೆ. ಇನ್ನೊಂದು ಕಂಪನಕ್ಕೆ ಕಾಯೋಣ ಅಂದ್ರೆ ಅಕ್ಟೋಬರ್‌ಗೆ ವಿದ್ಯಾರ್ಥಿವೇತನ ಮುಗಿಯುತ್ತೆ. ಆಮೇಲೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಅಪ್ಪನ ಜೊತೆ ಹಿಟ್ಟು ಕಲಸೋದು."

"ರಗ್ಗಿನ ವಿಷಯ ನಾನು ಹೇಳ್ದೇ ಇದ್ದಿದ್ರೆ?"

"0.40 ಅಂತ ಹೇಳ್ತಿದ್ದೆ. ಎಲ್ರೂ ಚಪ್ಪಾಳೆ ಹೊಡೀತಿದ್ರು." ಅವಳು ಒಂದು ಮೊಳೆಯನ್ನು ಅಂಗೈಯಲ್ಲಿ ತಿರುಗಿಸಿದಳು. "ಆದ್ರೆ ಭೂಮಿಯೊಳಗೆ ನಿಜವಾಗ್ಲೂ ಏನಿದೆ ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ. ಅದು ಗೊತ್ತಾಗ್ಬೇಕು ಅಂತಾನೇ ಅಲ್ವಾ ಇಷ್ಟೆಲ್ಲ."

ಮರ್ಲ್ ಇನ್ನೊಂದು ಮೊಳೆ ಹೊಡೆದಳು.

ಮೂರು ಮುಕ್ಕಾಲಿಗೆ ಒಳಗೆ ಹೋದೆವು. ಲೆಕ್ಕ ಮುಗಿದಿತ್ತು. ಲಿಯೆನ್ ಕೈ ತೊಳೆದಳು, ಒರೆಸಿಕೊಂಡಳು, ಮತ್ತೆ ತೊಳೆದಳು. ಮರ್ಲ್ ಅವಳ ಹಿಂದೆ ನಿಂತು ಕನ್ನಡಕ ಹಾಕಿಕೊಂಡಳು.

ಪರದೆಯ ಮೇಲೆ ಚುಕ್ಕೆಗಳು ಬಂದವು. ಒಂದು ಚುಕ್ಕೆ ಒಂದು ದಿನ. ಎಡಕ್ಕೆ ಫೆಬ್ರುವರಿಯ ಚುಕ್ಕೆಗಳು ಸೊನ್ನೆಯ ಗೆರೆಯ ಮೇಲೆ ಚಪ್ಪಟೆಯಾಗಿ ಕೂತಿದ್ದವು. ಮಾರ್ಚ್ 3ರಿಂದ ಅವು ಕೆಳಕ್ಕೆ ಇಳಿಯತೊಡಗಿದವು, ಇಳಿಜಾರಿನಲ್ಲಿ ಒಂದರ ಹಿಂದೊಂದು ನಡೆಯುವ ಹಸುಗಳಂತೆ, ಹೆಚ್ಚುಕಡಿಮೆ ನೇರ ಸಾಲಿನಲ್ಲಿ. ಮುಂದೆ ಒಂದು ಕಡೆ ಸಾಲು ಬಾಗಿತು. ಇಳಿಯುವುದು ನಿಲ್ಲಲಿಲ್ಲ, ಇಳಿಜಾರು ಮಾತ್ರ ಕಡಿಮೆಯಾಯಿತು. ಅಲ್ಲಿಂದ ನಿಧಾನವಾಗಿ ಜೂನ್ 19ರವರೆಗೆ ಹೋಗಿ, 1.91ರಲ್ಲಿ ಮುಗಿದು, ಮತ್ತೆ ಸೊನ್ನೆಗೆ ಜಿಗಿಯಿತು.

ಲಿಯೆನ್ ಬಾಗಿದ ಜಾಗದ ಚುಕ್ಕೆಯ ಮೇಲೆ ಬಾಣ ಇಟ್ಟಳು. ಪಕ್ಕದಲ್ಲಿ ತಾರೀಖು ಮೂಡಿತು. ಏಪ್ರಿಲ್ 25.

"ಅದು ನನ್ನ ರಗ್ಗು!" ಮರ್ಲ್ ಲಿಯೆನ್‌ಳ ಭುಜ ಹಿಡಿದು ಅಲುಗಾಡಿಸಿದಳು. "ಡೆಸ್, ನೋಡೋ ಇಲ್ಲಿ! ನಾನು ರಗ್ಗು ಹೊದಿಸಿದ್ದು ಸಮುದ್ರಕ್ಕೆ ಗೊತ್ತಾಗಿದೆ ಕಣೋ!"

"ಗೊತ್ತಾಗಿದೆ," ಎಂದೆ. ಇಪ್ಪತ್ತೇಳು ವರ್ಷದಲ್ಲಿ ನಾನು ನೋಡಿದ ಗೆರೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಒಬ್ಬರ ಒಳ್ಳೆಯತನ ಅಚ್ಚಾಗಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮರ್ಲ್ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದಳು.

ರಗ್ಗಿನ ಮುಂಚೆ ಗಡಿಯಾರ ದಿನಕ್ಕೆ ಸೆಕೆಂಡಿನ ಸಾವಿರದಲ್ಲಿ ಇಪ್ಪತ್ತೊಂದು ಭಾಗದಂತೆ ಹಿಂದೆ ಬಿದ್ದಿತ್ತು. ರಗ್ಗಿನಡಿ ಹದಿನಾಲ್ಕರಂತೆ. ಲಿಯೆನ್ ಬಾಣವನ್ನು ಹದಿನಾರು ಚುಕ್ಕೆ ಬಲಕ್ಕೆ ಸರಿಸಿದಳು. ಮೇ 11. ಅಲ್ಲಿ 1.35 ಎಂದಿತ್ತು. ಸಮಪಾಲಿನ ಲೆಕ್ಕ ಕೊಟ್ಟದ್ದು 1.22. ರಗ್ಗು ಅವಳ 0.40ರಿಂದ ಒಂದಿಷ್ಟನ್ನು ತಿಂದಿತ್ತು.

ಕಳೆಯುವ ಲೆಕ್ಕ ಚಿಕ್ಕ ಮಕ್ಕಳೂ ಮಾಡುವಂಥದು. ಆದರೂ ಅವಳು ಮಾಡಲಿಲ್ಲ. ಮೊದಲು ಚುಕ್ಕೆಗಳು ಗೆರೆಯಿಂದ ಎಷ್ಟೆಷ್ಟು ಆಚೀಚೆ ಚದುರಿವೆ ಎಂದು ಒಂದೊಂದಾಗಿ ನೋಡಿದಳು. ಸಮುದ್ರ ಶಾಂತವಾಗಿದ್ದ ದಿನಗಳನ್ನು ಬೇರೆ ಮಾಡಿ, ಬಿರುಗಾಳಿಯ ದಿನಗಳನ್ನು ಬೇರೆ ಮಾಡಿ, ಎರಡು ಸಲ ಗೆರೆ ಎಳೆದಳು. ಅಝೋರ್ಸ್‌ನವರು ಕೊಟ್ಟ ಕಂಪನದ ಹೊತ್ತಿನಲ್ಲಿ ಎಷ್ಟು ಅನುಮಾನವಿದೆ ಎಂಬುದನ್ನೂ ಸೇರಿಸಿದಳು. ತಪ್ಪಿನ ಅಂದಾಜು ಮೊದಲು ಸಿಗಬೇಕು, ಉತ್ತರ ಆಮೇಲೆ. ಉತ್ತರ ಮೊದಲು ನೋಡಿದರೆ ತಪ್ಪಿನ ಅಂದಾಜು ತಾನಾಗಿಯೇ ಕುಗ್ಗುತ್ತದೆ. ಇದನ್ನು ಅವಳಿಗೆ ಕಲಿಸಿದವನು ನಾನಲ್ಲ. ಕಲಿಸಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಕ್ಲೆಮ್ ದನ ಬಿಟ್ಟು ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಾ "ಏನದು, ಯಾರಾದ್ರೂ ಸತ್ರಾ?" ಎಂದ. ಮರ್ಲ್ ಅವನ ಕಡೆ ನೋಡದೆಯೇ ಕೈಸನ್ನೆ ಮಾಡಿ ಸುಮ್ಮನಿರಿಸಿದಳು.

"ಎಷ್ಟೇ ಮಗಳೇ?" ಎಂದು ಮೆಲ್ಲಗೆ ಕೇಳಿದಳು. "ಭೂಮೀದು ಅಂತ ಏನಾದ್ರೂ ಉಳೀತಾ?"

ಲಿಯೆನ್ ನೋಟ್‌ಬುಕ್ಕಿನಲ್ಲಿ ಹಳೆಯ 0.40ರ ಮೇಲೆ ಒಂದು ಗೀಟು ಎಳೆದು, ಅದರ ಕೆಳಗೆ ಬರೆದು, ನಮ್ಮಿಬ್ಬರ ಕಡೆ ತಿರುಗಿಸಿದಳು: 0.27 ಸೆಕೆಂಡು, ತಪ್ಪಿದ್ದರೆ ಆಚೀಚೆ 0.08.